ಕೆರೆ ಮಗ್ಗುಲಾದ ರಾತ್ರಿ

ಬೆಳಗಿನ ಜಾವ ನಾಲ್ಕು ಗಂಟೆ.
ತೂಬಿನ ಚಪ್ಪಡಿಯ ಮೇಲೆ ನಾನು, ನನ್ನ ಮೀಟರು,
ಹಗ್ಗಕ್ಕೆ ಬಿಗಿದ ಬಾಟಲಿ, ಅರೆಜೀವದ ಟಾರ್ಚು.
ಆಚೆ ದಡದ ಹದಿನೆಂಟು ಮಹಡಿ
ನೀರಲ್ಲಿ ತಲೆಕೆಳಗಾಗಿ ನಿದ್ದೆ ಹೋಗಿದೆ.

ಕೆರೆಯ ಉಸಿರೆಣಿಸಲು ಈ ಹೊತ್ತಿಗೇ ಬರಬೇಕು.
ಹಗಲೆಲ್ಲ ಪಾಚಿ ದುಡಿದು ಕೂಡಿಟ್ಟದ್ದನ್ನು
ರಾತ್ರಿಯಿಡೀ ಎಲ್ಲರೂ ಕೂತು ಉಂಡು,
ಮೀನು, ಬಸವನಹುಳು, ಕೆಸರು,
ದುಡಿದ ಪಾಚಿಯೂ ಸಹ,
ಪಾತ್ರೆಯ ತಳ ಕಾಣುವ ಹೊತ್ತು.

ಒಂದು ಅಡಿಯಲ್ಲಿ ಎರಡೂವರೆ.
ಐದು ಅಡಿಯಲ್ಲಿ ಅರ್ಧ.
ಒಂಬತ್ತು ಅಡಿಯಲ್ಲಿ ಸೊನ್ನೆ.
ಸೊನ್ನೆ ಬರೆಯುವಾಗ ಪೆನ್ನು
ಯಾಕೋ ಎರಡು ಸುತ್ತು ಸುತ್ತುತ್ತದೆ.

ಐದಕ್ಕೆ ಅಕ್ಕಯಮ್ಮ ಬರುತ್ತಾಳೆ,
ತಲೆಗೆ ಟವೆಲು, ಸೊಂಟಕ್ಕೆ ಕುಡುಗೋಲು.
ಮಂಡಿಮಟ ಇಳಿದು ಹುಲ್ಲು ಕೊಯ್ಯುತ್ತಾಳೆ.
"ಏನಂತೈತೆ ನಿನ್ ಡಬ್ಬಿ?"
"ತಳದಲ್ಲಿ ಉಸಿರಿಲ್ಲವಂತೆ."
"ಅದುನ್ನ ಹೇಳಾಕೆ ಡಬ್ಬಿ ಬೇಕಾ?
ಮೀನು ಮ್ಯಾಕ್ಕೆ ಬಂದು ಬಾಯಿ ಬಿಡ್ತಾವಲ್ಲ, ನೋಡು."

ಅವಳ ಮಾವ ಈ ಕೆರೆಯ ನೀರಗಂಟಿ.
ಅವನು ತೂಬೆತ್ತಿದರೆ ಮೊದಲು ಹೊರಡುತ್ತಿದ್ದುದು
ತಳದ ನೀರು, ದಪ್ಪ, ಕಪ್ಪು, ಕೊಳೆವಾಸನೆ.
ಗದ್ದೆ ಅದನ್ನು ಗಟಗಟ ಕುಡಿಯುತ್ತಿತ್ತು.
ಬೇಸಿಗೆಯಲ್ಲಿ ಗೋಡು ತೋಡಿ ಗಾಡಿಗೆ ತುಂಬಿ
ರಾಗಿ ಹೊಲಕ್ಕೆ ಚೆಲ್ಲಿ ಬರುತ್ತಿದ್ದರು.
ಕೆರೆಗೂ ಹೊಟ್ಟೆ ಹಗುರಾಗುತ್ತಿತ್ತು.

ಈಗ ತೂಬಿಗೆ ಸಿಮೆಂಟು ಮೆತ್ತಿದೆ.
ಗದ್ದೆಯ ಜಾಗದಲ್ಲಿ ಪಾರ್ಕಿಂಗು.
ಬರುವ ದಾರಿ ಮಾತ್ರ ತೆರೆದಿದೆ:
ರಾಜಕಾಲುವೆಯಲ್ಲಿ ಏಳಕ್ಕೆ ಸ್ನಾನ, ಹತ್ತಕ್ಕೆ ಬಟ್ಟೆ,
ಮಧ್ಯಾಹ್ನ ಮುಸುರೆ, ಮತ್ತೆ ಹೊತ್ತುಗೊತ್ತಿಲ್ಲದೆ
ಒಂದಿಡೀ ವಾರ್ಡಿನ ಉಚ್ಚೆ.
ಅದರೊಳಗೆ ರಂಜಕ. ಹೆಸರು ಚೆಂದ,
ಯಾರನ್ನು ರಂಜಿಸುತ್ತದೋ ಗೊತ್ತಿಲ್ಲ.
ಕೆಸರಿನ ಕಬ್ಬಿಣ ಅದನ್ನು ಮುಷ್ಟಿಯಲ್ಲಿ ಹಿಡಿದಿರುತ್ತದೆ,
ಉಸಿರಿರುವ ತನಕ.
ಉಸಿರು ಹೋದರೆ ಬೆರಳು ಬಿಚ್ಚಿಕೊಳ್ಳುತ್ತವೆ,
ಸತ್ತವರ ಹಾಗೆ.

ಹೋದ ವರ್ಷ ಭರಣಿ ಮಳೆ.
ಮೂರು ವಾರ ಕಾದ ಮೇಲಿನ ನೀರು
ತಣ್ಣಗಿನ ತಳದ ಮೇಲೆ
ರಗ್ಗಿನಂತೆ ಹಾಸಿಕೊಂಡಿತ್ತು.
ಸಂಜೆ ಆಲಿಕಲ್ಲು, ಮೂಡಲ ಗಾಳಿ.
ಮೇಲಿನದು ತಣಿದು, ಭಾರವಾಗಿ, ಕೆಳಗಿಳಿಯಿತು.
ಕೆಳಗಿನದು ಎದ್ದಿತು.
ಸದ್ದಿಲ್ಲದೆ, ನಮ್ಮೆಲ್ಲರ ನಿದ್ದೆಯ ನಡುವೆ.

ಬೆಳಿಗ್ಗೆ ದಡಕ್ಕೆ ಬೆಳ್ಳಿಯ ಅಂಚು:
ಜಿಲೇಬಿ, ಕಾಟ್ಲಾ, ರೋಹು, ಬೆರಳುದ್ದದ ಮರಿಗಳು.
ಕೊರಮೀನು ಮಾತ್ರ ಬದುಕಿತ್ತು,
ಮೇಲಿನ ಗಾಳಿ ಕುಡಿಯಬಲ್ಲದ್ದು.
ಟೀವಿಯವರು ಮೂಗಿಗೆ ಕರ್ಚೀಫು ಹಿಡಿದು
"ಯಾರು ವಿಷ ಹಾಕಿದ್ದು?" ಎಂದರು.
ಅಕ್ಕಯಮ್ಮ ಕುಡುಗೋಲು ಒರೆಸುತ್ತ,
"ರಾತ್ರಿ ಯಾರೂ ಬಂದಿಲ್ಲ ಸಾಮಿ.
ಕೆರೆ ಮಗ್ಗುಲಾಯ್ತು, ಅಷ್ಟೆ."
ಅದು ಸುದ್ದಿಯಲ್ಲಿ ಬರಲಿಲ್ಲ.

ಅವಳ ಹುಲ್ಲು ಏಳು ಹಸುಗಳಿಗೆ.
ಹಾಲು ಹದಿನೆಂಟು ಮಹಡಿಗೆ.
ಆಮೇಲೆ ಕಾಫಿ, ಕಮೋಡು, ಕಾಲುವೆ,
ಮತ್ತೆ ಇದೇ ಹುಲ್ಲು.
ಒಮ್ಮೆ ಸುಮ್ಮನೆ ಲೆಕ್ಕ ಹಾಕಿದ್ದೆ:
ಒಂದು ಹೊರೆಗೆ ಹದಿನೈದು ಗ್ರಾಂ ರಂಜಕ,
ಕಾಲುವೆ ದಿನಕ್ಕೆ ತರುವುದು ಅರವತ್ತು ಕೆಜಿ.
ನಾಲ್ಕು ಸಾವಿರ ಅಕ್ಕಯಮ್ಮಂದಿರು ಬೇಕು.
ಹೇಳಿದರೆ ನಕ್ಕಳು.
"ಅಷ್ಟು ಹಸ ಎಲ್ಲಿ ಕಟ್ಟಾಣ?"

ಇವತ್ತೂ ಮೂಡಲಲ್ಲಿ ಮಿಂಚು.
ನೀರು ಅಲುಗದೆ ಬಿದ್ದಿದೆ,
ಏನೋ ನೆನಪಿಸಿಕೊಳ್ಳುವವರಂತೆ.
ಗುಳುಮುಳುಕವೊಂದು ಮುಳುಗಿ
ಬಹಳ ದೂರದಲ್ಲಿ ಎದ್ದಿತು.

"ಬಾ, ಹೊರೆ ಎತ್ತಿಸು."
ಮೀಟರು ಕೆಳಗಿಟ್ಟು ಎತ್ತಿಸಿದೆ.
ಹುಲ್ಲಿನ ನೀರು ತೋಳಿಗೆ, ಕುತ್ತಿಗೆಗೆ, ರವಿಕೆಯೊಳಗೆ.
ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.
ಹದಿನೈದು ಗ್ರಾಂ ಏರಿ ಹತ್ತಿ
ರಸ್ತೆ ದಾಟಿತು, ಬಸ್ಸಿಗೆ ಕೈ ತೋರಿಸುತ್ತ.

ಆರು ಗಂಟೆ. ಬೆಳಕು ತಾಗಿದ ಕಡೆ
ಪಾಚಿ ಕೆಲಸಕ್ಕೆ ಕೂತಿದೆ.
ಒಂದು ಅಡಿಯಲ್ಲಿ,
ಮತ್ತೊಮ್ಮೆ ನೋಡಿದೆ,
ಎರಡು ಬಿಂದು ಆರು.